ಗೆರೆ ದಾಟಿದ ಮೇಲೆ

ಓಟದ ಪಂದ್ಯ ಎಂದರೆ ನಮ್ಮೆಲ್ಲರ ಕಣ್ಣು ಹೋಗುವುದು ಗೆರೆಯ ಮೇಲೆ. ಯಾರು ಮೊದಲು ಮುಟ್ಟಿದರು, ಎಷ್ಟು ಸೆಕೆಂಡಿನಲ್ಲಿ ಮುಟ್ಟಿದರು, ಇಷ್ಟೇ ನಮಗೆ ಬೇಕಾದ ಸಂಗತಿ. ಗೆರೆ ದಾಟಿದ ಮೇಲೆ ಆ ಓಡಿಬಂದದ್ದು ಏನಾಯಿತು, ಎಲ್ಲಿ ನಿಂತಿತು, ಹೇಗೆ ನಿಂತಿತು ಎಂದು ಕೇಳುವವರು ಕಡಿಮೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಯಾರೂ ಕೇಳದೆ ಉಳಿಯುವ ಈ ಪ್ರಶ್ನೆಯ ಬಗೆಗೆ. ನೇರ ಓಟಗಳಲ್ಲಿ ಸಾವುನೋವು ಬಹಳ ಸಲ ಸಂಭವಿಸುವುದು ಗೆರೆಯ ಈಚೆ ಅಲ್ಲ, ಆಚೆ.

ಸುತ್ತೂರಿನ ಕಡೆಯವರಿಗೆ ನೇರ ಓಟ ಎಂದರೆ ಏನೆಂದು ಹೇಳಿಕೊಡಬೇಕಾದ ಅಗತ್ಯವಿಲ್ಲ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರಗಳ ನಡುವೆ, ಕಪಿಲೆಯ ದಂಡೆಯಲ್ಲಿರುವ ಊರು ಅದು. ಸುಗ್ಗಿ ಮುಗಿದು ಪುಷ್ಯ ಮಾಸದಲ್ಲಿ ಅಲ್ಲಿ ಜಾತ್ರೆ ನೆರೆಯುತ್ತದೆ. ಕುಸ್ತಿ, ದೇಸಿ ಆಟಗಳು, ಕೃಷಿ ಮೇಳ, ಸಾಮೂಹಿಕ ವಿವಾಹ ಎಲ್ಲ ಉಂಟು. ಜೊತೆಗೆ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳನ್ನು ಕಟ್ಟಿದ ಕಡೆ ಸ್ವಲ್ಪ ಹೊತ್ತು ನಿಂತು ನೋಡಿ. ಬಂದವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಸುಳಿ ನೋಡುತ್ತಾರೆ. ನಡುವೆ ಯಾರಾದರೊಬ್ಬ ಹುಡುಗ "ಓಟಕ್ಕೆ ಹೆಂಗೆ?" ಎಂದು ಕೇಳಿಯೇ ಕೇಳುತ್ತಾನೆ. ಹಳ್ಳಿಕಾರ್ ಮತ್ತು ಅದರ ಸೋದರ ತಳಿಯಾದ ಅಮೃತಮಹಲ್ ಎರಡೂ ನಡಿಗೆಯ ಬಿರುಸಿಗೆ ಹೆಸರಾದವು. ಮೈಸೂರಿನ ದೊರೆಗಳು ಅಮೃತಮಹಲ್ ಎತ್ತುಗಳನ್ನು ಸೈನ್ಯದ ಸಾಮಾನು ಸಾಗಿಸಲೆಂದೇ ಸಾಕಿದ್ದರು. ಹೊಲದ ಕೆಲಸವನ್ನು ಟ್ರ್ಯಾಕ್ಟರು ಕಿತ್ತುಕೊಂಡ ಮೇಲೆ ಈ ಬಿರುಸಿಗೆ ಉಳಿದಿರುವ ದೊಡ್ಡ ಮರ್ಯಾದೆ ಎಂದರೆ ಓಟವೇ.

ಮೈಸೂರು, ಮಂಡ್ಯ, ಹಾಸನದ ಕಡೆಯ ಜೋಡೆತ್ತಿನ ಗಾಡಿ ಓಟವನ್ನು ನೀವು ನೋಡಿರಬಹುದು. ಊರ ಹೊರಗಿನ ಬಯಲಿನಲ್ಲಿ ಉದ್ದಕ್ಕೆ ಒಂದು ನೇರ ದಾರಿ. ಅದರಲ್ಲಿ ಒಂದರ ಪಕ್ಕ ಒಂದು, ಎರಡು ಗಾಡಿ. ಸಾಮಾನು ಹೊರುವ ಗಾಡಿಯಲ್ಲ, ಓಟಕ್ಕೆಂದೇ ಮಾಡಿಸಿದ ಹಗುರವಾದದ್ದು. ಬಾವುಟ ಕೆಳಗಿಳಿಯುತ್ತಲೇ ಎರಡೂ ಹೊರಡುತ್ತವೆ. ಗೆದ್ದ ಜೋಡಿ ಮುಂದಿನ ಸುತ್ತಿಗೆ, ಸೋತ ಜೋಡಿ ಮನೆಗೆ. ಹೀಗೆ ಇಬ್ಬಿಬ್ಬರಲ್ಲಿ ಒಬ್ಬರು ಕಳೆದು, ಸಂಜೆಗೆ ಉಳಿದ ಒಂದು ಜೋಡಿಗೆ ನಗದು ಬಹುಮಾನ.

ಅಮೆರಿಕೆಯಲ್ಲಿ ಡ್ರ್ಯಾಗ್ ರೇಸ್ ಎಂಬ ಪಂದ್ಯವಿದೆ. ಅದನ್ನು ಹೇಗೆಂದು ವಿವರಿಸಲು ಹೊರಟರೆ ಮೇಲಿನ ಮಾತುಗಳನ್ನೇ ಮತ್ತೆ ಹೇಳಬೇಕು. ನೇರ ದಾರಿ, ಪಕ್ಕಪಕ್ಕದಲ್ಲಿ ಎರಡು ವಾಹನ, ಬಾವುಟದ ಬದಲು ದೀಪಗಳ ಕಂಬ, ಸೋತವನು ಹೊರಗೆ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಪಂದ್ಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಳೆಯ ಕಾರುಗಳ ಇಂಜಿನ್ ಬಿಚ್ಚಿ ಜೋಡಿಸುವ ಹುಚ್ಚಿನ ಹುಡುಗರು ಕ್ಯಾಲಿಫೋರ್ನಿಯದ ಬೀದಿಗಳಲ್ಲಿ ರಾತ್ರಿ ಹೊತ್ತು ಇಂಥ ಪಂದ್ಯ ಕಟ್ಟುತ್ತಿದ್ದರು. ಅವರನ್ನು ಬೀದಿಯಿಂದ ಎಬ್ಬಿಸಿ ಮೈದಾನಕ್ಕೆ ತರಬೇಕೆಂದು ವಾಲಿ ಪಾರ್ಕ್ಸ್ ಎಂಬಾತ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದ. ಗಮನಿಸಿ, ಸಂಸ್ಥೆ ಹುಟ್ಟಿದ್ದೇ ಸುರಕ್ಷತೆಯ ಪ್ರಶ್ನೆಯಿಂದ. ಹುಡುಗರು ವೇಗವಾಗಿ ಓಡಿಸುವುದನ್ನು ಬಿಡುವುದಿಲ್ಲ, ಆದ್ದರಿಂದ ಓಡಿಸಲು ತಕ್ಕ ಜಾಗ ಮಾಡಿಕೊಡೋಣ ಎಂಬ ವಿವೇಕ ಅದು.

ನಮ್ಮಲ್ಲಿಯೂ ಈ ಕ್ರೀಡೆ ಇಲ್ಲದಿಲ್ಲ. ದಕ್ಷಿಣದ ಮೋಟಾರು ಪಂದ್ಯಗಳ ತೊಟ್ಟಿಲು ಮದರಾಸಿನ ಬಳಿಯ ಶೋಲಾವರಂ, ಯುದ್ಧಕಾಲದ ವಿಮಾನದಾರಿ. ಆಮೇಲೆ ಶ್ರೀಪೆರಂಬದೂರಿನ ಬಳಿ ಪಂದ್ಯಕ್ಕೆಂದೇ ಕಟ್ಟಿದ ರಸ್ತೆ ಬಂತು. ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಡ್ರ್ಯಾಗ್ ಓಟಗಳು ನಡೆದಿವೆ. ಮೋಟಾರ್‌ಸೈಕಲ್ ಡ್ರ್ಯಾಗ್ ಓಟದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಹಲವು ಬಾರಿ ಗೆದ್ದ ಹೇಮಂತ್ ಮುದ್ದಪ್ಪ ಬೆಂಗಳೂರಿನವರು.

ತಿರುವೇ ಇಲ್ಲದ, ಒಬ್ಬರನ್ನೊಬ್ಬರು ಅಡ್ಡಗಟ್ಟುವ ಪ್ರಮೇಯವೇ ಇಲ್ಲದ, ಕೆಲವೇ ಸೆಕೆಂಡುಗಳ ಓಟದಲ್ಲಿ ಅಪಾಯ ಎಲ್ಲಿಂದ ಬರುತ್ತದೆ? ಮೊದಲು ಗಾಡಿಯನ್ನೇ ನೋಡೋಣ. ನೊಗದ ಎರಡು ಕೊನೆಗೆ ಎರಡು ಎತ್ತು. ಎರಡೂ ಸರಿಸಮನಾಗಿ ಎಳೆದರೆ ಗಾಡಿ ನೆಟ್ಟಗೆ ಹೋಗುತ್ತದೆ. ಎಡದ್ದು ಒಂದು ಹೆಜ್ಜೆ ಹಿಂದಾಯಿತು, ಬೆದರಿತು ಎನ್ನಿ, ಬಲಗಡೆಯ ಎಳೆತ ಹೆಚ್ಚಾಗಿ ಗಾಡಿ ಎಡಕ್ಕೆ ತಿರುಗುತ್ತದೆ. ಹಗುರವಾದ ಗಾಡಿಯಾದರೆ ಇನ್ನೂ ಬೇಗ ತಿರುಗುತ್ತದೆ. ಪಕ್ಕದಲ್ಲಿ ಇನ್ನೊಂದು ಗಾಡಿ, ಅದರಾಚೆಗೆ ಹಗ್ಗ, ಹಗ್ಗದ ಆಚೆ ಜನ. ಡ್ರ್ಯಾಗ್ ಓಟದ ಕಾರಿಗೂ ಇದೇ ಕಥೆ. ಹಿಂದಿನ ಎರಡು ಚಕ್ರಗಳಲ್ಲಿ ಒಂದಕ್ಕೆ ನೆಲದ ಹಿಡಿತ ಕೊಂಚ ತಪ್ಪಿದರೆ ಸಾಕು, ಕಾರು ಪಕ್ಕದ ದಾರಿಗೆ ನುಗ್ಗುತ್ತದೆ. ನಮ್ಮ ಕಡೆ ಕಡಾಣಿ ಕಳಚಿದರೆ ಚಕ್ರ ಹೋಯಿತು. ಅಲ್ಲಿ ಚಕ್ರದ ಬೋಲ್ಟು ಮುರಿದರೆ. 2010ರ ಫೆಬ್ರವರಿಯಲ್ಲಿ ಅಮೆರಿಕೆಯ ಅರಿಜೋನದಲ್ಲಿ ಓಡುತ್ತಿದ್ದ ಕಾರಿನ ಹಿಂದಿನ ಚಕ್ರವೊಂದು ಕಳಚಿ, ಪುಟಿದು, ನೋಡಲು ಬಂದಿದ್ದ ಮಹಿಳೆಯೊಬ್ಬರಿಗೆ ಬಡಿದು ಅವರು ಸತ್ತರು. ಕಾರು ಓಡಿಸುತ್ತಿದ್ದವನು ಬದುಕಿಕೊಂಡ. ನೋಡುವವರು ಹೆಲ್ಮೆಟ್ಟು ಹಾಕಿರುವುದಿಲ್ಲ, ಪಟ್ಟಿ ಬಿಗಿದುಕೊಂಡಿರುವುದಿಲ್ಲ, ಸುತ್ತ ಉಕ್ಕಿನ ಪಂಜರ ಇರುವುದಿಲ್ಲ.

ಈಗ ಮುಖ್ಯವಾದ ಲೆಕ್ಕಕ್ಕೆ ಬರುತ್ತೇನೆ. ಹೆದರಬೇಡಿ, ಹೈಸ್ಕೂಲಿನ ಲೆಕ್ಕ. ಓಡುವ ವಸ್ತುವಿನಲ್ಲಿ ತುಂಬಿರುವ ಚಲನಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ವೇಗ ಮೂರು ಪಟ್ಟಾದರೆ ಶಕ್ತಿ ಒಂಬತ್ತು ಪಟ್ಟು. ಪುಸ್ತಕದಲ್ಲಿ ಇದನ್ನು ಜೂಲ್‌ಗಳಲ್ಲಿ ಬರೆಯುತ್ತಾರೆ, ಜೂಲ್ ಎಂದರೆ ಯಾರ ಮೈಯೂ ನಡುಗುವುದಿಲ್ಲ. ಅದನ್ನೇ ಎತ್ತರಕ್ಕೆ ತಿರುಗಿಸಿ ಹೇಳುತ್ತೇನೆ. ಜೋರಾಗಿ ಓಡುವ ಜೋಡಿ ಸೆಕೆಂಡಿಗೆ ಹತ್ತು ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಎತ್ತು, ಗಾಡಿ, ಮೇಲೆ ನಿಂತವನು, ಎಲ್ಲ ಸೇರಿ ಒಂದು ಟನ್ನಿನ ಆಸುಪಾಸು. ಆ ವೇಗದಲ್ಲಿ ಅದು ಬಂದು ನಿಮಗೆ ಬಡಿಯುವುದೂ ಒಂದು ಟನ್ ಭಾರವನ್ನು ಐದು ಮೀಟರ್ ಎತ್ತರದಿಂದ ಮೈಮೇಲೆ ಬಿಡುವುದೂ ಒಂದೇ. ಗಂಟೆಗೆ ನೂರು ಕಿಲೋಮೀಟರ್ ವೇಗದ ಮೋಟಾರ್‌ಬೈಕು? ಅದರಿಂದ ನೇರ ಹೋಗಿ ಗೋಡೆಗೆ ಬಡಿಯುವುದೆಂದರೆ ಸುಮಾರು 39 ಮೀಟರ್ ಎತ್ತರದಿಂದ, ಅಂದರೆ ಹದಿಮೂರು ಅಂತಸ್ತಿನ ಮನೆಯ ತಾರಸಿಯಿಂದ ಕೆಳಕ್ಕೆ ಬಿದ್ದಂತೆ. ತಾರಸಿಯ ಅಂಚಿಗೆ ಹೋಗಲು ಕಾಲು ನಡುಗುವ ಹುಡುಗನಿಗೆ ಬೈಕಿನ ಮೇಲೆ ಕುಳಿತಾಗ ಏನೂ ಅನ್ನಿಸುವುದಿಲ್ಲ. ಎತ್ತರಕ್ಕೆ ಹೆದರುವುದು ನಮ್ಮ ರಕ್ತದಲ್ಲಿದೆ, ವೇಗಕ್ಕೆ ಹೆದರುವುದನ್ನು ಕಲಿಯಬೇಕು.

ಡ್ರ್ಯಾಗ್ ಓಟದಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಗೆ ಟಾಪ್ ಫ್ಯುಯೆಲ್ ಎಂದು ಹೆಸರು. ಪೆಟ್ರೋಲಲ್ಲ, ನೈಟ್ರೋಮೀಥೇನ್ ಉರಿಸಿ ಓಡುವ ಉದ್ದ ಮೂಗಿನ ಯಂತ್ರ. ನಿಂತಲ್ಲಿಂದ ಗಂಟೆಗೆ 160 ಕಿಲೋಮೀಟರ್ ಮುಟ್ಟಲು ಅದಕ್ಕೆ ಒಂದು ಸೆಕೆಂಡೂ ಬೇಡ. ಓಟದ ಕೊನೆಯಲ್ಲಿ ವೇಗ 530 ಕಿಲೋಮೀಟರನ್ನು ಮೀರುತ್ತದೆ. ಇದನ್ನೂ ಎತ್ತರಕ್ಕೆ ತಿರುಗಿಸಿದರೆ 1,100 ಮೀಟರ್ ಬರುತ್ತದೆ. ಮೈಸೂರು ಪಟ್ಟಣದ ನೆಲದಿಂದ ಚಾಮುಂಡಿ ಬೆಟ್ಟ ಏರಿರುವುದು ಸುಮಾರು 300 ಮೀಟರ್. ಒಂದರ ಮೇಲೊಂದು ಮೂರು ಚಾಮುಂಡಿ ಬೆಟ್ಟ ಇಟ್ಟರೂ ಈ ಎತ್ತರ ಸಿಗದು. ಈ ಶಕ್ತಿಯನ್ನು ತುಂಬಿಕೊಳ್ಳಲು ನಾಲ್ಕು ಸೆಕೆಂಡು ಸಾಕು. ಇಳಿಸುವುದು ಹೇಗೆ? ಪಂದ್ಯದ ದಾರಿ ಮುಗಿದ ಮೇಲೆ ಅದಕ್ಕಿಂತ ಉದ್ದವಾದ ಇನ್ನೊಂದು ದಾರಿ ಇರುತ್ತದೆ, ನಿಲ್ಲಲಿಕ್ಕೆ. ಕಾರಿನ ಹಿಂದಿನಿಂದ ಎರಡು ಪ್ಯಾರಾಚೂಟು ಬಿಚ್ಚಿಕೊಂಡು ಗಾಳಿಯನ್ನು ಹಿಡಿಯುತ್ತವೆ, ಆಮೇಲೆ ಬ್ರೇಕು. ಅವೂ ಕೈಕೊಟ್ಟರೆ ಕೊನೆಯಲ್ಲಿ ಮರಳಿನ ಗುಂಡಿ, ಬಲೆ.

2008ರ ಜೂನ್ 21ರಂದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನಲ್ಲಿ ಸ್ಕಾಟ್ ಕಲಿಟ್ಟ ಎಂಬ ಅನುಭವಿ, ಎರಡು ಬಾರಿಯ ಚಾಂಪಿಯನ್, ಅರ್ಹತೆಯ ಸುತ್ತಿನಲ್ಲಿ ಓಡಿಸುತ್ತಿದ್ದಾಗ ಗೆರೆಯ ಹತ್ತಿರ ಇಂಜಿನ್ ಸಿಡಿದು ಬೆಂಕಿ ಹತ್ತಿತು. ಪ್ಯಾರಾಚೂಟುಗಳು ಕೆಲಸಕ್ಕೆ ಬರಲಿಲ್ಲ. ಕಾರು ವೇಗ ಇಳಿಯದೆ ದಾರಿಯ ಕೊನೆಯವರೆಗೂ ಹೋಗಿ, ಅದನ್ನೂ ದಾಟಿತು. ಕಲಿಟ್ಟ ಉಳಿಯಲಿಲ್ಲ. ಹನ್ನೊಂದೇ ದಿನಗಳಲ್ಲಿ, ಜುಲೈ 2ರಂದು, ಸಂಸ್ಥೆ ಒಂದು ತೀರ್ಮಾನ ಹೇಳಿತು. ಅತಿ ವೇಗದ ಎರಡು ದರ್ಜೆಗಳ ಓಟ ಇನ್ನು ಮೇಲೆ 1,320 ಅಡಿ ಅಲ್ಲ, 1,000 ಅಡಿ. ಕಾಲು ಮೈಲಿ ಎಂಬುದು ಆ ಕ್ರೀಡೆಯ ಮೂಲಮಂತ್ರ, ಅಲ್ಲಿನವರಿಗೆ ಅದು ಕ್ರಿಕೆಟಿನ 22 ಗಜದಂತೆ. ಅದನ್ನು ಮೊಟಕುಗೊಳಿಸಿದರೆ ಕ್ರೀಡೆಯೇ ಸತ್ತಂತೆ ಎಂದು ಗೋಳಾಡಿದವರಿದ್ದರು. ಇದು ತಾತ್ಕಾಲಿಕ ಎಂದು ಎಲ್ಲರೂ ತಿಳಿದಿದ್ದರು. ಅಂದಿನಿಂದ ಅದೇ ಉಳಿದಿದೆ. ಮೈದಾನಗಳ ಸುತ್ತ ಊರು ಬೆಳೆದಿತ್ತು, ನಿಲ್ಲುವ ದಾರಿಯನ್ನು ಉದ್ದ ಮಾಡಲು ಜಾಗವಿರಲಿಲ್ಲ. ಆದ್ದರಿಂದ ಓಡುವ ದಾರಿಯನ್ನು ಗಿಡ್ಡ ಮಾಡಿ ಆ 320 ಅಡಿಯನ್ನು ನಿಲ್ಲುವುದಕ್ಕೆ ಬಿಟ್ಟುಕೊಟ್ಟರು. ಇಂಜಿನ್ ಸಿಡಿದರೆ ಚಾಲಕ ಕೈಯಾಡಿಸುವ ಮೊದಲೇ ತಾನಾಗಿ ಇಂಧನ ನಿಂತು ಪ್ಯಾರಾಚೂಟು ಬಿಚ್ಚಿಕೊಳ್ಳುವ ಸಾಧನವೂ ಆಮೇಲೆ ಬಂತು.

ಈ ಕ್ರೀಡೆಯ ಒಂದೊಂದು ನಿಯಮದ ಹಿಂದೆಯೂ ಒಬ್ಬೊಬ್ಬನ ಹೆಸರಿದೆ ಎನ್ನಬಹುದು. 1970ರ ಮಾರ್ಚ್ 8ರಂದು ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಓಟಗಾರನ ಕಾರಿನ ಗೇರುಪೆಟ್ಟಿಗೆ ಹೊರಡುವಾಗಲೇ ಸಿಡಿದು, ಕಾರು ಎರಡು ತುಂಡಾಗಿ, ಬಲಪಾದದ ಒಂದು ಭಾಗವೇ ಹೋಯಿತು. ಆ ಕಾಲದ ಕಾರುಗಳಲ್ಲಿ ಚಾಲಕ ಇಂಜಿನ್ನಿನ ಹಿಂದೆ ಕುಳಿತುಕೊಳ್ಳುತ್ತಿದ್ದ. ಸಿಡಿದದ್ದೆಲ್ಲ ಅವನ ಮೈಮೇಲೆಯೇ. ಆಸ್ಪತ್ರೆಯ ಹಾಸಿಗೆಯಿಂದ ಎದ್ದ ಗಾರ್ಲಿಟ್ಸ್ 1971ರಲ್ಲಿ ಇಂಜಿನ್ನನ್ನು ತನ್ನ ಬೆನ್ನ ಹಿಂದಕ್ಕೆ ಹಾಕಿದ ಕಾರನ್ನು ತಂದು ಗೆದ್ದ. ಕೆಲವೇ ವರ್ಷಗಳಲ್ಲಿ ಆ ದರ್ಜೆಯ ಕಾರುಗಳೆಲ್ಲ ಹಾಗೆಯೇ ಆದವು. ಸುರಕ್ಷತೆಗೆಂದು ಮಾಡಿದ್ದು ವೇಗಕ್ಕೂ ಒದಗಿ ಬಂದದ್ದು ಇಲ್ಲಿ ವಿಶೇಷ. ಹಾಗಾಗಿಯೇ ಅಷ್ಟು ಬೇಗ ಎಲ್ಲರೂ ಒಪ್ಪಿದರು ಎಂದು ನನಗನ್ನಿಸುತ್ತದೆ. ಬರೀ ಸುರಕ್ಷತೆ ಎಂದರೆ ಓಟಗಾರರು ಅಷ್ಟು ಸಲೀಸಾಗಿ ಕಿವಿಗೊಡುವವರಲ್ಲ.

2007ರಲ್ಲಿ ಎರಿಕ್ ಮೆಡ್ಲೆನ್ ಎಂಬ ಯುವಕ ಫ್ಲಾರಿಡದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹಿಂದಿನ ಟೈರು ಕೆಟ್ಟು ಕಾರು ಅತಿಯಾಗಿ ಅದುರಿತು. ಅವನ ತಲೆ ಅಕ್ಕಪಕ್ಕಕ್ಕೆ ಕ್ಷಣಕ್ಕೆ ಹಲವು ಸಲ ಅಲುಗಿ, ತಲೆಬುರುಡೆಯೊಳಗಿನ ಮಿದುಳು ಜರ್ಝರಿತವಾಯಿತು. ಮಾರ್ಚ್ 19ರಂದು ಅಪಘಾತ, 23ರಂದು ಸಾವು. ಅವನ ತಂಡದವರು ಮುಂದೆ ಚಾಲಕನ ಕೋಣೆಯನ್ನು ಅಗಲಿಸಿ, ತಲೆಯ ಸುತ್ತ ದಪ್ಪ ಮೆತ್ತೆಗಳನ್ನು ಇಟ್ಟರು. ಹೆಲ್ಮೆಟ್ಟು ಹಾಕಿದರೆ ತಲೆಗೆ ಏನೂ ಆಗದು ಎನ್ನುವವರು ಇದನ್ನು ನೆನಪಿಡಬೇಕು. ಹೆಲ್ಮೆಟ್ಟು ಬುರುಡೆಯನ್ನು ಕಾಯುತ್ತದೆ, ಮಿದುಳನ್ನು ಒಂದು ಮಟ್ಟಿಗೆ ಮಾತ್ರ.

ನಮ್ಮ ಕಡೆಗೆ ಬರೋಣ. ನಿಲ್ಲಿಸುವ ವಿದ್ಯೆಯಲ್ಲಿ ಅಮೆರಿಕೆಯವರನ್ನು ನೋಡಿಯೇ ಕಲಿಯಬೇಕಾದ ಗತಿ ನಮಗಿಲ್ಲ. ಕರಾವಳಿಯ ಕಂಬಳವನ್ನು ನೋಡಿ. ಜೋಡುಕರೆ ಎಂದರೆ ಪಕ್ಕಪಕ್ಕದ ಎರಡು ಕೆಸರಿನ ದಾರಿ. ಕೋಣಗಳು ಹೊರಡುವ ಕೊನೆಗೆ ಗಂತು ಎಂದು ಹೆಸರು, ಮುಟ್ಟುವ ಕೊನೆಗೆ ಮಂಜೊಟ್ಟಿ. ಗೆದ್ದವರು ಯಾರೆಂದು ಹೇಳಲು ಈಗ ಲೇಸರ್ ಕಿರಣ ಬಂದಿದೆ, ಆದರೆ ನನಗೆ ಬೆರಗು ಹುಟ್ಟಿಸುವುದು ಮಂಜೊಟ್ಟಿ. ಅಲ್ಲಿ ನೆಲ ಏರುತ್ತದೆ. ಕೋಣಗಳು ಕೆಸರಿನಿಂದ ಎದ್ದು ಆ ಏರಿನ ಮೇಲೆ ಓಡಿ ತಾವಾಗಿ ನಿಧಾನವಾಗುತ್ತವೆ. ನಾವು ಹಾಕಿದ ಲೆಕ್ಕದಲ್ಲಿ ಸೆಕೆಂಡಿಗೆ ಹತ್ತು ಮೀಟರ್ ವೇಗ ಐದು ಮೀಟರ್ ಎತ್ತರಕ್ಕೆ ಸಮ ಅಲ್ಲವೇ? ಅಂದರೆ ನೆಲ ಒಂದೇ ಮೀಟರ್ ಏರಿದರೂ ಐದರಲ್ಲಿ ಒಂದು ಪಾಲು ಶಕ್ತಿ ಯಾರ ಕೈಯ ಬಲವೂ ಇಲ್ಲದೆ ಇಳಿದುಹೋಯಿತು. ಭೌತಶಾಸ್ತ್ರವನ್ನು ಓದದವರು ಕಟ್ಟಿದ ಏರು ಅದು. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಗಂಟೆಗೆ 37 ಕಿಲೋಮೀಟರಿಗೂ ಮೇಲಿನ ವೇಗ! ಕೋಣಗಳ ಎಳೆತವೂ ಸೇರಿದ ವೇಗ ಅದು, ಹೋಲಿಕೆ ಅಷ್ಟು ಸರಿಯಲ್ಲ ಎಂಬುದು ಬೇರೆ ಮಾತು. ಆ ವೇಗದ ಮನುಷ್ಯ, ಕೋಣಗಳೆರಡು, ಸುಖವಾಗಿ ಎಲ್ಲಿ ನಿಂತವು ಎಂದು ಯಾವ ಪತ್ರಿಕೆಯೂ ಬರೆದದ್ದನ್ನು ನಾನು ನೋಡಲಿಲ್ಲ.

ನಮ್ಮ ಮೈಸೂರು ಸೀಮೆಯ ಗಾಡಿ ಓಟಕ್ಕೆ ಮಂಜೊಟ್ಟಿ ಇಲ್ಲ. ಕಂಬಳದ ಕರೆ ವರ್ಷವರ್ಷ ಉಳಿಯುವ ಸ್ಥಿರವಾದ ಜಾಗ, ನಮ್ಮದು ಕೊಯ್ಲಾದ ಗದ್ದೆಯಲ್ಲೋ ಊರ ಬಯಲಿನಲ್ಲೋ ಎರಡು ದಿನದ ಮಟ್ಟಿಗೆ ಕಟ್ಟಿದ್ದು. ಸರ್ವೆ ಮರದ ಗಳ ನೆಟ್ಟು ಹಗ್ಗ ಕಟ್ಟುತ್ತಾರೆ. ಉದ್ದಕ್ಕೂ ಇಕ್ಕೆಲಗಳಲ್ಲಿ ಜನ. ಅತಿ ಹೆಚ್ಚು ಜನ ಸೇರುವುದು ಎಲ್ಲಿ? ಗೆರೆಯ ಬಳಿ ಮತ್ತು ಗೆರೆಯ ಆಚೆ, ಗಾಡಿಗಳು ನುಗ್ಗಿ ಬರುವ ನೇರದಲ್ಲಿ. ಕಾರಣ ಸರಳ, ನೋಟ ಅಲ್ಲಿ ಚೆಂದ. ಹತ್ತು ಮೀಟರ್ ವೇಗದ ಜೋಡಿ ಸೆಕೆಂಡಿಗೊಂದು ಮೀಟರಿನಂತೆ ವೇಗ ಇಳಿಸಿಕೊಂಡರೆ ನಿಲ್ಲಲು 50 ಮೀಟರ್ ಬೇಕು. ಇದು ಎತ್ತು ಶಾಂತವಾಗಿದ್ದರೆ. ಗೆರೆ ಮುಟ್ಟುತ್ತಲೇ ಕೇಕೆ, ಶಿಳ್ಳೆ, ಪಟಾಕಿ; ಹುಡುಗರು ಕುಣಿಯುತ್ತಾ ಎದುರಿಗೇ ನುಗ್ಗುತ್ತಾರೆ. ಬೆದರಿದ ಎತ್ತು ನಿಲ್ಲುವ ಬದಲು ಇನ್ನೂ ಓಡುತ್ತದೆ ಅಥವಾ ಪಕ್ಕಕ್ಕೆ ಹಾಯುತ್ತದೆ. ಸುತ್ತೂರಿನ ಕಡೆಯ ಹಿರಿಯ ರೈತರೊಬ್ಬರು ನನ್ನೊಡನೆ ಮಾತನಾಡುತ್ತಾ, "ಓಡ್ಸಕ್ಕ ಯಾರಾದ್ರೂ ಓಡುಸ್ತಾರ ಕಣಪ್ಪ, ನಿಲ್ಸಕ್ಕ ಬರ್ಬೇಕು" ಎಂದರು. ಅವರ ಕಾಲದಲ್ಲಿ ಜೋಡಿಯನ್ನು ಓಟಕ್ಕೆ ಪಳಗಿಸುವಾಗ ಮೊದಲು ನಿಲ್ಲುವುದನ್ನೇ ಕಲಿಸುತ್ತಿದ್ದರಂತೆ.

ಎದುರಿಗೆ ನಿಂತವರಿಗೆ ಅಪಾಯ ಏಕೆ ಕಾಣುವುದಿಲ್ಲ ಎಂಬುದಕ್ಕೆ ಕಣ್ಣಿನ ಒಂದು ಮೋಸವೂ ಕಾರಣ. ಇದು ನನ್ನ ಕಸುಬಿಗೆ ಸಂಬಂಧಿಸಿದ ವಿಷಯ. ಕೈ ಚಾಚಿ ಕಿರುಬೆರಳನ್ನು ಎತ್ತಿ ಹಿಡಿಯಿರಿ. ಎರಡು ಮೀಟರ್ ಅಗಲದ ಗಾಡಿ ನೂರು ಮೀಟರ್ ದೂರದಲ್ಲಿ ನಿಮಗೆ ಕಾಣುವುದು ಆ ಬೆರಳಿನಷ್ಟು. ಐದು ಸೆಕೆಂಡು ಓಡಿ ಐವತ್ತು ಮೀಟರಿಗೆ ಬಂದಾಗ ಎರಡು ಬೆರಳಿನಷ್ಟು. ಐದು ಸೆಕೆಂಡಿನಲ್ಲಿ ಒಂದು ಬೆರಳು ಎರಡು ಬೆರಳಾಯಿತು, ಅಷ್ಟೆ. ಮನಸ್ಸು "ಇನ್ನೂ ದೂರ ಇದೆ" ಎನ್ನುತ್ತದೆ. ಇನ್ನು ನಾಲ್ಕೇ ಸೆಕೆಂಡು, ಗಾಡಿ ಹತ್ತು ಮೀಟರಿನಲ್ಲಿದೆ, ಮುಷ್ಟಿಯಷ್ಟು ದೊಡ್ಡದು. ಆಮೇಲೆ ಉಳಿದಿರುವುದು ಒಂದು ಸೆಕೆಂಡು. ಕಂಡದ್ದು ಮನಸ್ಸಿಗೆ ತಿಳಿದು ಕಾಲು ಎತ್ತಲು ಆ ಸೆಕೆಂಡೇ ಬೇಕು, ಹಿಂದೆ ಸರಿಯೋಣವೆಂದರೆ ಹಿಂದೆ ಹತ್ತು ಸಾಲು ಜನ. ನಮ್ಮ ಕ್ಯಾಮೆರಾದ ದೂರದ ಮಸೂರ ಈ ಮೋಸವನ್ನು ಇನ್ನೂ ಹೆಚ್ಚಿಸುತ್ತದೆ. ಹಿಂದಿನದನ್ನೂ ಮುಂದಿನದನ್ನೂ ಒತ್ತಿ ಹತ್ತಿರ ತಂದು, ಓಡುತ್ತಿರುವುದು ನಿಂತಲ್ಲೇ ಕುಣಿಯುತ್ತಿರುವಂತೆ ತೋರಿಸುತ್ತದೆ. ಪರದೆಯ ಮೇಲೆ ಅದು ಬಹಳ ಸೊಗಸು. ಅಂಥ ಚಿತ್ರವನ್ನು ಮನೆಯಲ್ಲಿ ನೋಡಿ, ಅದೇ ಜಾಗದಲ್ಲಿ ನಿಂತು ಫೋನಿನಲ್ಲಿ ತೆಗೆಯಲು ಹೋಗುವವರು ಈಗ ಹಳ್ಳಿಗೆ ನೂರು ಜನ. ನಮ್ಮ ಮಸೂರ ಇನ್ನೂರು ಮೀಟರ್ ದೂರದಲ್ಲಿ, ಅಟ್ಟಣೆಯ ಮೇಲೆ ಇತ್ತೆಂಬುದು ಅವರಿಗೆ ಗೊತ್ತಿಲ್ಲ. ಫೋನಿನ ಮಸೂರಕ್ಕಾದರೋ ಹತ್ತಿರ ಹೋಗದೆ ಚಿತ್ರ ಸಿಗುವುದಿಲ್ಲ.

ಈ ಓಟಗಳ ಬಗೆಗೆ ನ್ಯಾಯಾಲಯದಲ್ಲಿ ಬಹಳ ಚರ್ಚೆಯಾಗಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕ ಪ್ರಾಣಿಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂಕ ಪ್ರಾಣಿಯ ನೋವಿನ ಬಗೆಗೆ ಇಷ್ಟು ವರ್ಷ ವಾದ ನಡೆದದ್ದು ಸರಿಯೇ, ನಡೆಯಬೇಕಾದದ್ದೇ. ಆದರೆ ಅದು ಪ್ರಾಣಿಗಳ ಕಾಯಿದೆ. ಗೆರೆಯ ಆಚೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತ ಅಪ್ಪನನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅದರ ವಿಷಯವಲ್ಲ. ಅದನ್ನು ಊರಿನವರೇ ಗೊತ್ತುಮಾಡಬೇಕು.

ಗಾಡಿಯ ಓಟಕ್ಕೆ ಬಯಲಾದರೂ ಇದೆ. ನನ್ನ ಹೆಚ್ಚಿನ ಆತಂಕ ಡಾಂಬರಿನ ಮೇಲಿನ ಓಟದ್ದು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ, ಮೊದಲ ವರ್ಷದ ಸಂಬಳದಲ್ಲಿ ಬೈಕು ಕೊಂಡ ಹುಡುಗರನ್ನು ಬಲ್ಲೆ. ತಪ್ಪೇನಿಲ್ಲ, ಬಸ್ಸು ಇಲ್ಲದ ಹೊತ್ತಿನ ಪಾಳಿಗೆ ಹೋಗಿ ಬರಬೇಕು. ಆದರೆ ರಾತ್ರಿ ರಸ್ತೆ ಬರಿದಾದ ಮೇಲೆ ಅದೇ ಬೈಕಿನಲ್ಲಿ ಇಬ್ಬಿಬ್ಬರು ಪಕ್ಕಪಕ್ಕ ನಿಂತು ಪಂದ್ಯ ಕಟ್ಟುವುದು, ಮುಂದಿನ ಚಕ್ರ ಎತ್ತಿ ವ್ಹೀಲಿಂಗ್ ಮಾಡುವುದು, ಮೂರನೆಯವನು ಅದನ್ನು ಫೋನಿನಲ್ಲಿ ಹಿಡಿಯುವುದು ರಾಜ್ಯದಲ್ಲೆಲ್ಲ ನಡೆದಿದೆ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ಬೈಕು, ಆಟೋಗಳನ್ನು ನಿಷೇಧಿಸಬೇಕಾಯಿತು.

ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟುವುದು 1988ರ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓಡಿಸಿದವನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಇನ್ನೊಂದು ಕಲಮಿನಂತೆ ಗಾಡಿಯ ಮಾಲೀಕರೋ ತಂದೆತಾಯಿಯರೋ 25,000 ರೂಪಾಯಿ ದಂಡ ತೆರಬೇಕು, ಮೂರು ವರ್ಷದವರೆಗೆ ಜೈಲಿಗೂ ಹೋಗಬೇಕಾಗಬಹುದು. ಮಗ ಹಟ ಹಿಡಿದ ಎಂದು ಬೀಗದಕೈ ಕೊಡುವ ತಾಯಂದಿರಿಗೆ ಇದು ತಿಳಿದಿರಲಿ.

ಕಾನೂನಿಗಿಂತ ಹುಡುಗರಿಗೆ ನಾಟುವ ಮಾತು ಬೇರೆ ಇದೆ. ಡ್ರ್ಯಾಗ್ ಓಟದ ನಿಜವಾದ ವೃತ್ತಿಗಾರರ ಬೈಕನ್ನು ನೋಡಿ. ಹಿಂದಿನ ಚಕ್ರವನ್ನು ಇನ್ನೂ ಹಿಂದಕ್ಕೆ ಚಾಚಿರುತ್ತಾರೆ. ಹಲವು ಬೈಕುಗಳಲ್ಲಿ ಹಿಂದೆ ಉದ್ದದ ಸಲಾಕೆಯೊಂದು ನೆಲಕ್ಕೆ ತಾಗುವಂತೆ ಇರುತ್ತದೆ. ಏಕೆ ಗೊತ್ತೇ? ಮುಂದಿನ ಚಕ್ರ ಮೇಲೇಳದಿರಲಿ ಎಂದು! ಚಕ್ರ ಗಾಳಿಯಲ್ಲಿದ್ದಷ್ಟು ಹೊತ್ತು ಶಕ್ತಿ ಪೋಲು, ಪಂದ್ಯ ಕೈತಪ್ಪಿತು. ಜೊತೆಗೆ ಹ್ಯಾಂಡಲ್ ತಿರುಗಿಸಿದರೂ ಬೈಕು ತಿರುಗದು. ಮುಂದಿನ ಬ್ರೇಕು ಇದ್ದೂ ಇಲ್ಲ. ಬೈಕನ್ನು ನಿಲ್ಲಿಸುವುದರಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ನಮ್ಮ ಹುಡುಗರು ಯಾವುದನ್ನು ಶೌರ್ಯ ಎಂದುಕೊಂಡಿದ್ದಾರೋ ಅದನ್ನು ತಡೆಯಲು ಬಲ್ಲವರು ಹಣ ಖರ್ಚು ಮಾಡುತ್ತಾರೆ.

ರಸ್ತೆಯಲ್ಲಿ ಗೆರೆಯ ಆಚೆಗೆ ಏನಿದೆ ಎಂಬ ಪ್ರಶ್ನೆಯನ್ನೂ ಅವರು ಕೇಳಿಕೊಳ್ಳಲಿ. ಗಂಟೆಗೆ ನೂರು ಕಿಲೋಮೀಟರ್ ಎಂದರೆ ಸೆಕೆಂಡಿಗೆ 28 ಮೀಟರ್. ಎದುರಿಗೆ ಏನೋ ಇದೆ ಎಂದು ತಿಳಿದು ಬ್ರೇಕು ಒತ್ತುವುದರೊಳಗೆ ಒಂದು ಸೆಕೆಂಡು ಹೋದರೆ 28 ಮೀಟರ್ ಮುಗಿಯಿತು. ಒಳ್ಳೆಯ ಟೈರು, ಒಣ ರಸ್ತೆ ಇದ್ದರೂ ಆಮೇಲೆ ನಿಲ್ಲಲು ಸುಮಾರು 55 ಮೀಟರ್. ಒಟ್ಟು 80 ಮೀಟರಿಗೂ ಮೇಲು. ರಾತ್ರಿಯಲ್ಲಿ ಡಿಮ್ ದೀಪ ತೋರಿಸುವುದು ಅದಕ್ಕಿಂತ ಎಷ್ಟೋ ಕಡಿಮೆ ದೂರವನ್ನು. ಅಂದರೆ ಕಾಣುವುದಕ್ಕೆ ಮೊದಲೇ ಡಿಕ್ಕಿ ನಿಶ್ಚಯವಾಗಿರುತ್ತದೆ. ಎದುರಿಗೆ ಇರುವುದು ಮರಳಿನ ಗುಂಡಿಯಲ್ಲ, ಕಬ್ಬು ತುಂಬಿ ಹಿಂದೆ ಕೆಂಪು ದೀಪವಿಲ್ಲದೆ ನಿಂತ ಟ್ರ್ಯಾಕ್ಟರು. ನಮ್ಮ ಕಡೆಯ ರಸ್ತೆಗಳಲ್ಲಿ ಅರೆಯುವ ಕಾಲದಲ್ಲಿ ಅದಿಲ್ಲದ ದಿನ ಯಾವುದು?

ಮೈದಾನದಲ್ಲಿ ಓಡಿಸಿದರೆ ಎಲ್ಲ ಕ್ಷೇಮ ಎಂದೂ ನಾನು ಹೇಳುವುದಿಲ್ಲ. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಪಂದ್ಯದ ರಸ್ತೆಯಲ್ಲಿ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಓಟದಲ್ಲಿ, ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಬಿದ್ದು ತೀರಿಕೊಂಡ. ವೈದ್ಯರು, ಆಂಬುಲೆನ್ಸು, ನಿಯಮಗಳು ಇದ್ದ ಜಾಗ ಅದು. ಅಷ್ಟೆಲ್ಲ ಇದ್ದ ಕಡೆಯೇ ಹೀಗೆಂದರೆ ಏನೂ ಇಲ್ಲದ ನಾಲೆ ಏರಿಯ ಮೇಲೆ ಹೇಗೆ? ಎಷ್ಟನೆಯ ವಯಸ್ಸಿಗೆ ಮಕ್ಕಳನ್ನು ಇಂಥ ಓಟಕ್ಕೆ ಬಿಡಬೇಕು ಎಂಬುದನ್ನು ಕ್ರೀಡೆಯನ್ನು ನಡೆಸುವವರು ಗಟ್ಟಿಯಾಗಿ ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ನಾನು ಓಟವೇ ಬೇಡ ಎನ್ನುವವನಲ್ಲ. ಹಳ್ಳಿಕಾರ್ ಜೋಡಿಯೊಂದು ಕಿವಿ ನಿಗುರಿಸಿ ನೆಲ ಬಿಟ್ಟು ಹಾರುವಂತೆ ಓಡುವುದು ಕಣ್ಣಿಗೆ ಹಬ್ಬ, ಆ ತಳಿ ಇನ್ನೂ ಉಳಿದಿರುವುದರಲ್ಲಿ ಓಟದ ಪಾಲೂ ಇದೆ. ಈ ಸಲ ನಿಮ್ಮೂರಿನಲ್ಲಿ ಓಟ ಏರ್ಪಡಿಸುವವರು ನೀವಾದರೆ, ದಾರಿಯನ್ನು ಅಳೆಯುವಾಗ ಹಿಂದಿನಿಂದ ಅಳೆಯಿರಿ. ಮೊದಲು ನಿಲ್ಲುವ ಜಾಗ, ಕಡಿಮೆಯೆಂದರೆ ನೂರು ಮೀಟರ್, ಅದರ ನೇರದಲ್ಲಿ ಒಂದು ನರಪಿಳ್ಳೆಯೂ ಇರಕೂಡದು. ಉಳಿದದ್ದು ಓಡಲಿಕ್ಕೆ. ನಿಮ್ಮ ಬಯಲು ಒಂದು ಕಡೆಗೆ ಸ್ವಲ್ಪ ಏರಿದ್ದರೆ ಗೆರೆಯನ್ನು ಆ ಕಡೆ ಹಾಕಿ, ಇಳಿಜಾರಿನ ಕಡೆ ಎಂದೂ ಬೇಡ. ಕೊನೆಯ ಭಾಗವನ್ನು ಉತ್ತು ಮಣ್ಣು ಸಡಿಲ ಮಾಡಿದರೆ ಅದೇ ಮರಳಿನ ಗುಂಡಿ. ಖರ್ಚು ಅರ್ಧ ಗಂಟೆಯ ಟ್ರ್ಯಾಕ್ಟರು. ಒಂದೇ ಹಗ್ಗದ ಬದಲು ನಾಲ್ಕು ಮೀಟರ್ ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಜನ ಹಿಂದಿನದರ ಆಚೆ ನಿಲ್ಲಲಿ. ಗಾಡಿಯ ಮೇಲೆ ನಿಲ್ಲುವವನಿಗೆ ಹೆಲ್ಮೆಟ್ಟು ಇರಲಿ. ಅವಮಾನ ಎನ್ನುವವನಿಗೆ ಚೀಟಿ ಕೊಡಬೇಡಿ. ಕಡಾಣಿ, ಅಚ್ಚು, ನೊಗ ಇವುಗಳನ್ನು ಪ್ರತಿ ಸುತ್ತಿಗೂ ಮುಂಚೆ ಬಡಗಿಯೊಬ್ಬರು ಮುಟ್ಟಿ ನೋಡಲಿ. ಧ್ವನಿವರ್ಧಕದಲ್ಲಿ ವಿವರಣೆ ಕೊಡುವಾತನಿಗೆ ಗಾಡಿಗಳು ಪೂರ್ತಿ ನಿಲ್ಲುವವರೆಗೂ ಗೆದ್ದವರ ಹೆಸರನ್ನು ಹೇಳಬೇಡವೆಂದು ಮೊದಲೇ ತಿಳಿಸಿ. ಹೆಸರು ಕೂಗಿದ ಕ್ಷಣವೇ ಜನ ಒಳಕ್ಕೆ ನುಗ್ಗುವುದು. 108ರ ಆಂಬುಲೆನ್ಸನ್ನು ಊರ ಬಾಗಿಲಿನಲ್ಲಿ ನಿಲ್ಲಿಸಿದರೆ ಜನ ತುಂಬಿದ ಮೇಲೆ ಅದು ಒಳಗೆ ಬರಲಾರದು. ಬೆಳಿಗ್ಗೆಯೇ ಅದಕ್ಕೆ ಗೆರೆಯ ಆಚೆ, ಪಕ್ಕದ ಹೊಲದಲ್ಲಿ, ಹೊರಗೆ ಹೋಗುವ ದಾರಿಯ ಕಡೆಗೆ ಮುಖ ಮಾಡಿ ಜಾಗ ಮಾಡಿಕೊಡಿ.